ಮೈಸೂರು ವಿವಿ ಡಿಗ್ರಿಗೆ ಸಂಬಳ ಎಷ್ಟು? ಹುಣಸೂರಿನ ಅಪ್ಪನಿಗೆ ಒಂದು ಉತ್ತರ

ಪ್ರಶ್ನೆ: ನಾವು ಹುಣಸೂರು ಕಡೆಯವರು, ಹೊಗೆಸೊಪ್ಪು ಬೆಳೆಯುತ್ತೇವೆ. ಮಗಳು ಸೈನ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ, 81 ಪರ್ಸೆಂಟ್ ಬಂದಿದೆ. ಸಿಇಟಿಯಲ್ಲಿ ಒಳ್ಳೆಯ ಎಂಜಿನಿಯರಿಂಗ್ ಸೀಟು ಸಿಗಲಿಲ್ಲ. ಮೈಸೂರಿನ ಯುವರಾಜ ಕಾಲೇಜಿನಲ್ಲಿ ಬಿಎಸ್‌ಸಿಗೆ ಹಾಕೋಣ ಅಂತ ನನ್ನ ಮನಸ್ಸು. ನೆಂಟರು ಬೇಡ ಅನ್ನುತ್ತಿದ್ದಾರೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಸಿಎ ಮಾಡಿಸಿ, ವರ್ಷಕ್ಕೆ ಎರಡು ಲಕ್ಷ ಫೀಸು, ಆದರೆ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡಿದವರು ಮುಂದೆ ಏನಾಗುತ್ತಾರೆ? ಎಷ್ಟು ದುಡಿಯುತ್ತಾರೆ? ನೇರವಾಗಿ ಹೇಳಿ.

ಉತ್ತರ: ನೇರವಾಗಿಯೇ ಹೇಳುತ್ತೇನೆ. ನೀವು ಕೇಳಿದ ಒಂದೇ ಒಂದು ಅಂಕಿ ಯಾರ ಹತ್ತಿರವೂ ಇಲ್ಲ. ಅಮೆರಿಕದಲ್ಲಿ ಸರ್ಕಾರವೇ ತೆರಿಗೆ ದಾಖಲೆ ನೋಡಿ, ಯಾವ ಕಾಲೇಜಿನಲ್ಲಿ ಓದಿದವರು ಹತ್ತು ವರ್ಷದ ಮೇಲೆ ಎಷ್ಟು ದುಡಿಯುತ್ತಿದ್ದಾರೆ ಎಂದು 2015ರಿಂದ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದೆ. ನಮ್ಮಲ್ಲಿ ಅಂಥದ್ದು ಇಲ್ಲ. ಮಗ ಡಿಗ್ರಿ ಮುಗಿಸಿ ಮನೆಗೆ ಬಂದ ಮೇಲೆ ಏನಾದ ಎಂದು ವಿಶ್ವವಿದ್ಯಾಲಯಕ್ಕೂ ಗೊತ್ತಿರುವುದಿಲ್ಲ, ಕಾಲೇಜಿಗೂ ಗೊತ್ತಿರುವುದಿಲ್ಲ. ಪಕ್ಕದ ಮನೆಯವರಿಗೆ ಮಾತ್ರ ಗೊತ್ತಿರುತ್ತದೆ.

ಹಾಗಂತ ಕತ್ತಲೆಯಲ್ಲಿ ಕಲ್ಲು ಹೊಡೆಯಬೇಕಿಲ್ಲ. ಸರ್ಕಾರಿ ಕೆಲಸದ ವೇತನ ಆದೇಶದಲ್ಲೇ ಇದೆ. ಕಂಪನಿಗಳು ಹೊಸಬರಿಗೆ ಎಷ್ಟು ಕೊಡುತ್ತವೆ ಎಂಬುದು ಗುಟ್ಟೇನಲ್ಲ. ಉಳಿದದ್ದು, ಡಿಗ್ರಿ ಕಾಲೇಜೊಂದರ ಪ್ಲೇಸ್‌ಮೆಂಟ್ ವಿಭಾಗದಲ್ಲಿ ಕೂತು ಇಪ್ಪತ್ತು ವರ್ಷ ಮಕ್ಕಳನ್ನು ಕಳಿಸಿದ ನನ್ನ ಅನುಭವ. ಎಲ್ಲ ಸೇರಿಸಿ ಹೇಳುತ್ತೇನೆ.

ಮೊದಲು ಆ 'ನೂರಕ್ಕೆ ನೂರು' ಮುಗಿಸಿಬಿಡೋಣ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಎಂಬ ರ‍್ಯಾಂಕಿಂಗ್ ಇದೆ. 2016ರಿಂದ ವರ್ಷ ವರ್ಷ ಪಟ್ಟಿ ಬರುತ್ತಿದೆ. ಅದಕ್ಕೆ ಅರ್ಜಿ ಹಾಕುವ ಸಂಸ್ಥೆಗಳು ಒಂದು ಕೋಷ್ಟಕ ತುಂಬಬೇಕು. ಎಷ್ಟು ಮಕ್ಕಳು ಸೇರಿದರು, ಎಷ್ಟು ಜನ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಕೆಲಸ ಸಿಕ್ಕವರ ನಡುಮಟ್ಟದ ಸಂಬಳ ಎಷ್ಟು. ಈ ಪತ್ರವನ್ನು ಸಂಸ್ಥೆಯ ವೆಬ್‌ಸೈಟಿನಲ್ಲೂ ಹಾಕಬೇಕು. ನೆಂಟರು ಹೇಳುವ ಕಾಲೇಜಿನ ಪತ್ರ ಇದೆಯಾ ನೋಡಿ. ಇದ್ದರೆ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ. ಅರ್ಜಿಯನ್ನೇ ಹಾಕಿಲ್ಲ ಅಂದರೆ, ಅದೂ ಒಂದು ಮಾಹಿತಿಯೇ.

ಓದುವಾಗ ಒಂದು ಸಂಗತಿ ನೆನಪಿಡಿ. ಆ ಸಂಬಳ ಕೆಲಸ ಸಿಕ್ಕವರದ್ದು ಮಾತ್ರ. ನೂರು ಮಕ್ಕಳಲ್ಲಿ ಇಪ್ಪತ್ತು ಜನಕ್ಕೆ ಕೆಲಸ ಸಿಕ್ಕಿ, ಅವರ ನಡುಮಟ್ಟ ಮೂರು ಲಕ್ಷ ಇದ್ದರೆ, ಕೋಷ್ಟಕದಲ್ಲಿ ಮೂರು ಲಕ್ಷ ಅಂತಲೇ ಇರುತ್ತದೆ. ಉಳಿದ ಎಂಬತ್ತು ಜನರ ಸೊನ್ನೆ ಅದರಲ್ಲಿ ಸೇರುವುದಿಲ್ಲ. ಇನ್ನು 'ನೂರಕ್ಕೆ ನೂರು' ಅನ್ನುವವರು ಏನು ಮಾಡುತ್ತಾರೆ ಗೊತ್ತಾ? ಪ್ಲೇಸ್‌ಮೆಂಟಿಗೆ ಹೆಸರು ಬರೆಸಿದವರನ್ನು ಮಾತ್ರ ಎಣಿಸುತ್ತಾರೆ. ಹಿಂದಿನ ಸೆಮಿಸ್ಟರಿನ ಪೇಪರ್ ಬಾಕಿ ಇದ್ದವರು, ಎರಡು ಇಂಟರ್‌ವ್ಯೂನಲ್ಲಿ ಬಿದ್ದವರು, ಇವರನ್ನೆಲ್ಲ ಮೊದಲೇ ಪಟ್ಟಿಯಿಂದ ತೆಗೆದರೆ ನೂರಕ್ಕೆ ನೂರು ಬರುವುದು ಕಷ್ಟವಲ್ಲ. ನಾನೂ ಅಂಥ ಪಟ್ಟಿ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೈಸೂರು ವಿವಿಯ ಎನ್‌ಐಆರ್‌ಎಫ್ ಪತ್ರ ನೋಡುವಾಗ ಬೇರೆ ತೊಡಕಿದೆ. ಅದರಲ್ಲಿ ಬರುವುದು ವಿಶ್ವವಿದ್ಯಾಲಯ ತಾನೇ ನಡೆಸುವ ವಿಭಾಗಗಳ ಲೆಕ್ಕ. ಅದರ ಹೆಸರಿನ ಸರ್ಟಿಫಿಕೇಟ್ ಪಡೆಯುವ ಊರೂರಿನ ಸಂಯೋಜಿತ ಕಾಲೇಜುಗಳ ಮಕ್ಕಳು ಅದರಲ್ಲಿ ಇರುವುದಿಲ್ಲ. ಹಾಗಾಗಿ ವಿವಿಯ ಕ್ಯಾಂಪಸ್ಸಾದ ಮಾನಸಗಂಗೋತ್ರಿಯ ಎಂಎಸ್‌ಸಿ ಮಕ್ಕಳ ಸಂಬಳ ನೋಡಿ ಪಿರಿಯಾಪಟ್ಟಣದ ಬಿಎ ಮಕ್ಕಳ ಬಗ್ಗೆ ಏನೂ ಹೇಳಲಾಗದು.

'ಮೈಸೂರು ವಿವಿ ಡಿಗ್ರಿ' ಎಂಬುದೇ ಒಂದು ವಸ್ತು ಅಲ್ಲ. 1916ರ ಜುಲೈ 27ರಂದು ಶುರುವಾದ ವಿಶ್ವವಿದ್ಯಾಲಯ ಇದು. ವಿಜ್ಞಾನಿ ಸಿ.ಎನ್.ಆರ್. ರಾವ್ 1951ರಲ್ಲಿ ಬಿಎಸ್‌ಸಿ ಮಾಡಿದ್ದು ಇಲ್ಲೇ. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರ 1967ರ ಎಂಜಿನಿಯರಿಂಗ್ ಪದವಿಯೂ ಇದರದ್ದೇ, ಅವರು ಓದಿದ ಎನ್‌ಐಇ ಎಂಜಿನಿಯರಿಂಗ್ ಕಾಲೇಜು ಆಗ ಇದರ ಕೆಳಗಿತ್ತು. ಈ ಹೆಸರು ತೋರಿಸಿ ಯಾರಾದರೂ ನಿಮಗೆ ಆಸೆ ಹುಟ್ಟಿಸಿದರೆ ನಕ್ಕು ಸುಮ್ಮನಾಗಿ. ಆ ಕಾಲದಲ್ಲಿ ಡಿಗ್ರಿ ಓದಿದವರೇ ಅಪರೂಪ. ಈಗ ನಿಮ್ಮ ಬೀದಿಯಲ್ಲೇ ಹತ್ತು ಜನ ಸಿಗುತ್ತಾರೆ.

ಇವತ್ತಿಗೂ ಒಂದೇ ವಿಶ್ವವಿದ್ಯಾಲಯದ ಹೆಸರಿನಲ್ಲಿ ಎಷ್ಟು ತರದ ಡಿಗ್ರಿ ಇದೆ ನೋಡಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, ಅದೇ 'ಆಯಿಶ್', 1965ರಲ್ಲಿ ಶುರುವಾದದ್ದು. ಅಲ್ಲಿ ಕಿವಿ ಮತ್ತು ಮಾತಿನ ತೊಂದರೆ ನೋಡುವ ಬಿಎಎಸ್‌ಎಲ್‌ಪಿ ಎಂಬ ನಾಲ್ಕು ವರ್ಷದ ಕೋರ್ಸ್ ಇದೆ. ಸರ್ಟಿಫಿಕೇಟ್ ಮೈಸೂರು ವಿವಿಯದ್ದು. 1963ರ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಆರ್‌ಐಇ, ಅಲ್ಲಿ ಬಿಎಸ್‌ಸಿ ಮತ್ತು ಬಿಇಡಿ ಎರಡೂ ಸೇರಿದ ನಾಲ್ಕು ವರ್ಷದ ಕೋರ್ಸ್. ಅದಕ್ಕೂ ಮೈಸೂರು ವಿವಿಯದ್ದೇ ಪದವಿ. ಆಯಿಶ್‌ನಿಂದ ಹೊರಬಂದ ಹುಡುಗಿಗೆ ಆಸ್ಪತ್ರೆ, ವಿಶೇಷ ಶಾಲೆ, ಶ್ರವಣ ಸಾಧನದ ಕಂಪನಿ, ಸ್ವಂತ ಕ್ಲಿನಿಕ್ ಎಲ್ಲ ದಾರಿ ತೆರೆದಿರುತ್ತದೆ. ಆ ವಿದ್ಯೆಯವರು ದೇಶದಲ್ಲೇ ಕಡಿಮೆ. ಹೊರದೇಶಕ್ಕೆ ಹೋದವರೂ ಬೇಕಾದಷ್ಟಿದ್ದಾರೆ. ಅದೇ ವರ್ಷ ಅದೇ ವಿವಿಯ ಸಾದಾ ಬಿಎ ಪಡೆದ ಹುಡುಗ ಮೊಬೈಲ್ ಅಂಗಡಿಯಲ್ಲಿ ನಿಂತಿರಬಹುದು. ಇಬ್ಬರ ಸಂಬಳ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಅಂಕಿ ಇಬ್ಬರಿಗೂ ಸಂಬಂಧವಿಲ್ಲದ್ದು, ಅಲ್ವಾ?

ನಿಮ್ಮ ಮಗಳ ಕೈಯಲ್ಲಿ ಸೈನ್ಸ್ ಇದೆ. ಹಾಗಾಗಿ ಆಯಿಶ್, ಆರ್‌ಐಇ ಎರಡನ್ನೂ ಒಮ್ಮೆ ವಿಚಾರಿಸಿ. ಎರಡಕ್ಕೂ ಪ್ರವೇಶ ಪರೀಕ್ಷೆ ಇದೆ. ಈ ವರ್ಷದ ಗಡುವು ಮುಗಿದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಹುಣಸೂರಿನಿಂದ ನಲವತ್ತೈದು ಕಿಲೋಮೀಟರ್ ದೂರದಲ್ಲಿರುವ ಇವುಗಳ ಹೆಸರೇ ಕೇಳದೆ ಬೆಂಗಳೂರಿನ ಫೀಸು ಕಟ್ಟಲು ಹೊರಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಸಾದಾ ಬಿಎಸ್‌ಸಿಗೆ ಬರೋಣ. ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ 2024-25ರಿಂದ ಹೋಗಿ, ಡಿಗ್ರಿ ಮತ್ತೆ ಮೂರು ವರ್ಷದ್ದಾಗಿದೆ. ಮೂರು ವರ್ಷ ಮುಗಿಸಿ ಅಲ್ಲಿಗೇ ನಿಲ್ಲಿಸಿದರೆ ಏನು? ಮೈಸೂರಿನ ಸುತ್ತ ಹೇಳುವುದಾದರೆ, ನಂಜನಗೂಡಿನ ಔಷಧ, ಆಹಾರ ಕಾರ್ಖಾನೆಗಳು ಕೆಮಿಸ್ಟ್ರಿ ಮತ್ತು ಮೈಕ್ರೋಬಯಾಲಜಿ ಓದಿದವರನ್ನು ಗುಣಮಟ್ಟ ಪರೀಕ್ಷೆಗೆ ತೆಗೆದುಕೊಳ್ಳುತ್ತವೆ. ಖಾಸಗಿ ಶಾಲೆಗಳು ತೆಗೆದುಕೊಳ್ಳುತ್ತವೆ. ಬ್ಯಾಂಕಿನ ಸಾಲ ಮಾರುವ ಕೆಲಸ, ಕಾಲ್ ಸೆಂಟರ್, ಆಸ್ಪತ್ರೆಯ ಬಿಲ್ಲಿಂಗ್ ಇದ್ದೇ ಇವೆ. ನಾನು ಕಳಿಸಿದ ಮಕ್ಕಳಲ್ಲಿ ಹೆಚ್ಚಿನವರು ತಿಂಗಳಿಗೆ ಹನ್ನೆರಡು ಸಾವಿರದಿಂದ ಇಪ್ಪತ್ತು ಸಾವಿರದ ಒಳಗೆ ಶುರು ಮಾಡಿದರು. ಊರಿನ ಖಾಸಗಿ ಶಾಲೆ ಅಂದರೆ ಅದಕ್ಕಿಂತ ಕೆಳಗೂ ಇಳಿಯುತ್ತದೆ. ಅಪ್ರೆಂಟಿಸ್ ಆಗಿ ಸೇರಿದರೆ 2019ರ ನಿಯಮ ಇಟ್ಟ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ 9,000 ರೂಪಾಯಿ. ಕಡಿಮೆ ಅನ್ನಿಸುತ್ತದೆ. ಆದರೆ ಒಂದು ವರ್ಷದ ಅನುಭವ ಪತ್ರ ಸಿಗುತ್ತದೆ, ಮನೆಯಲ್ಲಿ ಸುಮ್ನೆ ಕೂರುವುದಕ್ಕಿಂತ ಮೇಲು.

ಐಟಿ ಕಂಪನಿಯ ವಿಷಯ. ನಿಮ್ಮ ನೆಂಟರು ಬಿಸಿಎ ಅನ್ನುವುದು ಇದಕ್ಕೇ. 2024ರ ಆಗಸ್ಟಿನಲ್ಲಿ ಕಾಗ್ನಿಜೆಂಟ್ ಕಂಪನಿಯ ಒಂದು ಪ್ರಕಟಣೆ ಊರೆಲ್ಲ ಸುದ್ದಿಯಾಯಿತು. ವರ್ಷಕ್ಕೆ 2.52 ಲಕ್ಷ ಸಂಬಳ. ಜನ ನಕ್ಕರು, ಬೈದರು. ಆಗ ಕಂಪನಿ ಹೇಳಿದ್ದು, ಇದು ಎಂಜಿನಿಯರುಗಳಿಗಲ್ಲ, ಮೂರು ವರ್ಷದ ಡಿಗ್ರಿ ಮಾಡಿದವರಿಗೆ ಅಂತ. ತಿಂಗಳಿಗೆ 21,000 ಆಯಿತು, ಕಡಿತ ಬೇರೆ. ವಿಪ್ರೋದಲ್ಲಿ ಬಿಸಿಎ, ಬಿಎಸ್‌ಸಿ ಮಕ್ಕಳಿಗೆ ಒಂದು ಯೋಜನೆ ಇದೆ. ಕೆಲಸ ಮಾಡುತ್ತಲೇ ಕಂಪನಿ ಖರ್ಚಿನಲ್ಲಿ ಎಂಟೆಕ್ ಓದಿಸುತ್ತಾರೆ. ಶುರುವಿನ ಸ್ಟೈಪೆಂಡ್ ಹದಿನೈದು ಸಾವಿರದ ಆಸುಪಾಸು, ಐದು ವರ್ಷದ ಒಪ್ಪಂದ. ಕೇಳಲು ಕಡಿಮೆ. ಆದರೆ ಆ ದಾರಿಯಲ್ಲಿ ಹೋದ ನನ್ನ ಹಳೆಯ ವಿದ್ಯಾರ್ಥಿಗಳು ಆರೇಳು ವರ್ಷಕ್ಕೆ ಎಂಜಿನಿಯರಿಂಗ್ ಮಾಡಿದವರ ಪಕ್ಕದಲ್ಲೇ ಕೂತು ಅವರಷ್ಟೇ ಸಂಬಳ ಎಣಿಸುತ್ತಿದ್ದಾರೆ. ಈ ಯೋಜನೆಗೆ ಡಿಗ್ರಿಯಲ್ಲಿ ಒಳ್ಳೆಯ ಅಂಕ ಬೇಕು, ಪೇಪರ್ ಬಾಕಿ ಇರಬಾರದು. ಬಿಸಿಎಯೇ ಆಗಬೇಕು ಅಂತಿಲ್ಲ, ಖಾಸಗಿ ಕಾಲೇಜೇ ಆಗಬೇಕು ಅಂತಲೂ ಇಲ್ಲ. ಅಂದ ಹಾಗೆ ಯುವರಾಜ ಕಾಲೇಜಿನಲ್ಲೂ ಬಿಸಿಎ ಇದೆ.

ಈಗ ಲೆಕ್ಕ ನೀವೇ ಹಾಕಿ. ಬೆಂಗಳೂರಿನಲ್ಲಿ ಮೂರು ವರ್ಷಕ್ಕೆ ಆರು ಲಕ್ಷ ಫೀಸು. ಪಿಜಿ ರೂಮು, ಊಟಕ್ಕೆ ತಿಂಗಳಿಗೆ ಎಂಟು ಸಾವಿರ ಅಂದರೂ ಇನ್ನೂ ಮೂರು ಲಕ್ಷದ ಹತ್ತಿರ. ಒಂಬತ್ತು ಲಕ್ಷ ಹಾಕಿ ಎರಡೂವರೆ ಲಕ್ಷದ ಕೆಲಸ. ಮೈಸೂರಿನಲ್ಲಾದರೆ ಫೀಸು ಸಾವಿರಗಳಲ್ಲಿ ಮುಗಿಯುತ್ತದೆ. ಹುಣಸೂರಿನಿಂದ ಸರ್ಕಾರಿ ಬಸ್ಸಿನಲ್ಲಿ ಓಡಾಡಿದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ, ಟಿಕೆಟ್ಟಿನ ಖರ್ಚೂ ಇಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅಂತ ತಿಂಗಳ ಸಹಾಯಧನವೂ ಇದೆ, ಅರ್ಹತೆ ಇದೆಯಾ ಕೇಳಿ. ಉಳಿಯುವ ಎಂಟು ಲಕ್ಷವನ್ನು ಡಿಗ್ರಿ ಆದ ಮೇಲಿನ ಎರಡು ವರ್ಷಕ್ಕೆ ಇಟ್ಟುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಇಡೀ ಆಟ ಇರುವುದೇ ಆ ಎರಡು ವರ್ಷದಲ್ಲಿ.

ಯಾಕೆ ಅಂತ ಹೇಳುತ್ತೇನೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2023ರಲ್ಲಿ ಒಂದು ವರದಿ ತಂದರು. ಸರ್ಕಾರದ್ದೇ 2021-22ರ ಕಾರ್ಮಿಕ ಸಮೀಕ್ಷೆಯ ಅಂಕಿಗಳನ್ನು ಅದರಲ್ಲಿ ಬಿಡಿಸಿ ನೋಡಿದ್ದಾರೆ. ಇಡೀ ದೇಶದ ಲೆಕ್ಕ. 25 ವರ್ಷದ ಒಳಗಿನ ಪದವೀಧರರಲ್ಲಿ ನಿರುದ್ಯೋಗ 42 ಪರ್ಸೆಂಟ್ ದಾಟಿತ್ತು. ಅದೇ 35 ದಾಟಿದ ಪದವೀಧರರಲ್ಲಿ 5 ಪರ್ಸೆಂಟಿಗಿಂತ ಕಡಿಮೆ. ಅಂದರೆ ಡಿಗ್ರಿ ಮುಗಿದ ಮೊದಲ ಕೆಲವು ವರ್ಷ ಎಲ್ಲರಿಗೂ ಕಷ್ಟ, ಆಮೇಲೆ ಹೇಗೋ ಒಂದು ಕಡೆ ನೆಲೆ ನಿಲ್ಲುತ್ತಾರೆ. 'ಹೇಗೋ' ಅಂದೆ. ಓದಿಗೆ ತಕ್ಕ ಕೆಲಸದಲ್ಲಿ ನಿಂತರಾ, ಬೇರೆ ದಾರಿ ಇಲ್ಲದೆ ನಿಂತರಾ ಎಂಬುದು ಬೇರೆ ಮಾತು. ಆ ಮೊದಲ ವರ್ಷಗಳನ್ನು ದಾಟಿಸಲು ರಾಜ್ಯ ಸರ್ಕಾರದ ಯುವನಿಧಿ ಇದೆ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಹೆಚ್ಚೆಂದರೆ ಎರಡು ವರ್ಷ. ಪರೀಕ್ಷೆ ಅರ್ಜಿಯ ಫೀಸಿಗೆ, ಪುಸ್ತಕಕ್ಕೆ ಆಗುತ್ತದೆ.

ಆ ವರ್ಷಗಳಲ್ಲಿ ನಮ್ಮ ಕಡೆಯ ಮಕ್ಕಳು ಹೆಚ್ಚಾಗಿ ಹಿಡಿಯುವ ದಾರಿ ಸರ್ಕಾರಿ ಪರೀಕ್ಷೆ. ಸಂಬಳ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಡಿಗ್ರಿ ಬೇಡುವ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರ ಮೂಲ ವೇತನ ಹಳೆಯ ಶ್ರೇಣಿಯಲ್ಲಿ 27,650 ರಿಂದ ಶುರುವಾಗುತ್ತಿತ್ತು. ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್ 1ರಿಂದ ಮೂಲ ವೇತನಗಳು ಸುಮಾರು 58.5 ಪರ್ಸೆಂಟ್ ಏರಿದವು. ಹಳೆಯ ತುಟ್ಟಿಭತ್ಯೆ ಅದರಲ್ಲೇ ಸೇರಿಹೋಯಿತು ಅನ್ನುವುದು ನಿಜ. ಆದರೂ ಈಗ ಆ ಹುದ್ದೆಯ ಮೂಲ ವೇತನ 44 ಸಾವಿರದ ಆಸುಪಾಸು. ಇಡೀ ರಾಜ್ಯ ಸರ್ಕಾರದಲ್ಲಿ ಎಲ್ಲಕ್ಕಿಂತ ಕೆಳಗಿನ ಹುದ್ದೆಯ ಮೂಲ ವೇತನವೇ 17,000 ದಿಂದ 27,000 ಆಗಿದೆ. ಯೋಚನೆ ಮಾಡಿ. ಡಿಗ್ರಿ ಹಿಡಿದು ಬೆಂಗಳೂರಿನ ಕಂಪನಿಗೆ ಹೋದವನಿಗೆ 21,000, ತಾಲ್ಲೂಕು ಕಚೇರಿಯ ಜವಾನನಿಗೆ 27,000 ಮತ್ತು ಭತ್ಯೆ. ಹೀಗಿರುವಾಗ ಮಕ್ಕಳು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ರೂಮಿನಲ್ಲಿ ಕೂತರೆ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಆ ದಾರಿಯ ಕಷ್ಟ ಸಂಬಳದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ರಾಜ್ಯದ ಆಡಳಿತ ಸೇವೆಯ ಪರೀಕ್ಷೆ ಕೆಎಎಸ್ ತೆಗೆದುಕೊಳ್ಳಿ. 2020ರಲ್ಲಿ 106 ಹುದ್ದೆಗೆ ಅರ್ಜಿ ಕರೆದರು. ಮುಂದಿನ ಸಲ ಕರೆದದ್ದು 2024ರಲ್ಲಿ, 384 ಹುದ್ದೆಗೆ. ನಡುವೆ ನಾಲ್ಕು ವರ್ಷ. ಆ 2024ರ ಪ್ರಿಲಿಮ್ಸ್‌ನಲ್ಲೂ ಕನ್ನಡ ಅನುವಾದ ಅರ್ಥವಾಗದ ಹಾಗೆ ಇತ್ತೆಂದು ಗಲಾಟೆಯಾಗಿ, ಡಿಸೆಂಬರ್ ಕೊನೆಗೆ ಮರುಪರೀಕ್ಷೆ ಆಯಿತು. 545 ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಯ ಕಥೆ ಕೇಳಿ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ. ಅಕ್ರಮ ಬಯಲಾಗಿ 2022ರಲ್ಲಿ ರದ್ದು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 23 ವರ್ಷದ ಹುಡುಗನೊಬ್ಬ ಅದನ್ನೇ ನಂಬಿ ಕೂತಿದ್ದರೆ 25 ದಾಟಿದ. ಅವನು ಓದಲಿಲ್ಲ ಅಂತಲ್ಲ, ಕಾದ. ಆ ಕಾಯುವಿಕೆಗೆ ಯಾರೂ ಸಂಬಳ ಕೊಡುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ತುಟ್ಟಿ. ಹುಡುಗ ಐದು ವರ್ಷ ಪರೀಕ್ಷೆ ಬರೆದರೆ 'ಓದುತ್ತಿದ್ದಾನೆ' ಅನ್ನುತ್ತಾರೆ. ಹುಡುಗಿ ಎರಡನೇ ವರ್ಷ ಮನೆಯಲ್ಲಿದ್ದರೆ ಜಾತಕ ಹೊರಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗುತ್ತದೆ ಅಂತ ಹೇಳುತ್ತಿಲ್ಲ. ಆದರೆ ನನ್ನ ಒಳ್ಳೊಳ್ಳೆಯ ವಿದ್ಯಾರ್ಥಿನಿಯರು ಕಳೆದುಹೋದದ್ದು ಪರೀಕ್ಷೆಯಲ್ಲಲ್ಲ, ಎರಡು ಪರೀಕ್ಷೆಗಳ ನಡುವಿನ ಆ ಖಾಲಿಯಲ್ಲಿ. ಹಾಗಾಗಿ ನಾನು ಹೇಳುವುದು ಇಷ್ಟೇ. ರಾಜ್ಯದ ಪರೀಕ್ಷೆ ಒಂದನ್ನೇ ಹಿಡಿದು ಕೂರಬಾರದು. ಬ್ಯಾಂಕ್ ಪರೀಕ್ಷೆ ಪ್ರತಿ ವರ್ಷ ನಡೆಯುತ್ತದೆ, ಹೇಳಿದ ತಿಂಗಳಿಗೆ ಹೆಚ್ಚುಕಡಿಮೆ ನಡೆಯುತ್ತದೆ. 2019ರಿಂದ ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆಮೇಲೆ ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗೂ ಅದು ಬಂತು. ಕ್ಲರ್ಕ್ ಮೂಲ ವೇತನ 24,050 ರಿಂದ ಶುರು, ಭತ್ಯೆ ಸೇರಿ ಕೈಗೆ ಮೂವತ್ತು ಸಾವಿರದ ಮೇಲೆ ಬರುತ್ತದೆ. ಅಧಿಕಾರಿ ಹುದ್ದೆ, ಅಂದರೆ ಪಿಒ, ಆದರೆ ಮೂಲ ವೇತನವೇ 48,480. ಬಿಎಸ್‌ಸಿಯ ಎರಡನೇ ವರ್ಷದಿಂದ ದಿನಕ್ಕೆ ಒಂದು ಗಂಟೆ ಲೆಕ್ಕ, ಇಂಗ್ಲಿಷ್ ಅಭ್ಯಾಸ ಮಾಡಿದ ಮಕ್ಕಳು ಡಿಗ್ರಿ ಮುಗಿದು ಒಂದೂವರೆ ವರ್ಷದಲ್ಲಿ ಕ್ಲರ್ಕ್ ಆದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಕೂತುಕೊಂಡು ಬೇಕಾದರೆ ಕೆಎಎಸ್ ಬರೆಯಲಿ. ಅನ್ನ ಸಿಗುತ್ತಾ ಇರುವಾಗ ಕಾಯುವುದು ಬೇರೆ.

ಮುಂದೆ ಓದುವವರ ದಾರಿ. ಇಲ್ಲಿ ಜನಕ್ಕೆ ತಪ್ಪು ತಿಳಿವಳಿಕೆ ಜಾಸ್ತಿ. ಎಂಎಸ್‌ಸಿ ಮಾಡಿದರೆ ಲೆಕ್ಚರರ್ ಆಗಬಹುದು ಅಂತ ಸೇರುತ್ತಾರೆ. ಕಾಲೇಜಿನ ಖಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಯುಜಿಸಿ ಏಳನೇ ವೇತನದಲ್ಲಿ 57,700, ಮೇಲೆ ತುಟ್ಟಿಭತ್ಯೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಎಳೆಯುತ್ತಿರುವವರು ಅತಿಥಿ ಉಪನ್ಯಾಸಕರು. 2022ರ ಜನವರಿಯವರೆಗೆ ಅವರಿಗೆ ತಿಂಗಳಿಗೆ ಸಿಗುತ್ತಿದ್ದದ್ದು 11ರಿಂದ 13 ಸಾವಿರ. ದೊಡ್ಡ ಹೋರಾಟವಾದ ಮೇಲೆ ಅದು 26ರಿಂದ 32 ಸಾವಿರಕ್ಕೆ ಏರಿತು, ಆಮೇಲೆ ಇನ್ನೂ ಸ್ವಲ್ಪ ಸೇರಿತು. ಅದೇ ತರಗತಿ, ಅದೇ ಸಿಲಬಸ್, ಅದೇ ಮೈಸೂರು ವಿವಿಯ ಎಂಎಸ್‌ಸಿ. ಒಬ್ಬರಿಗೆ ಪಿಂಚಣಿಯ ಲೆಕ್ಕ, ಇನ್ನೊಬ್ಬರಿಗೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಲೆಕ್ಕ. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಹದಿನಾಲ್ಕು ವರ್ಷ ಅತಿಥಿಯಾಗಿಯೇ ಇದ್ದರು. ಇಷ್ಟು ವರ್ಷ ಇರುವ ಅತಿಥಿಯನ್ನು ನಾನು ಬೇರೆಲ್ಲೂ ಕಂಡಿಲ್ಲ ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು.

ಹಾಗಂತ ಎಂಎಸ್‌ಸಿ ಬೇಡ ಅಲ್ಲ. ಎಲ್ಲಿ ಮಾಡುತ್ತಾಳೆ ಎಂಬುದು ಮುಖ್ಯ. ಬಿಎಸ್‌ಸಿ ಮೂರನೇ ವರ್ಷದಲ್ಲಿ ಐಐಟಿಯವರು ನಡೆಸುವ ಜಾಮ್ ಎಂಬ ಪರೀಕ್ಷೆ ಬರೆಯಬಹುದು. ಪಾಸಾದರೆ ಐಐಟಿಗಳಲ್ಲಿ ಎಂಎಸ್‌ಸಿ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಈ ಪರೀಕ್ಷೆಯ ಹೆಸರು ಗೊತ್ತಿರುವ ಮಕ್ಕಳೇ ಕಡಿಮೆ. ಗೊತ್ತಾದ ಹೊತ್ತಿಗೆ ಅರ್ಜಿಯ ದಿನ ಮುಗಿದಿರುತ್ತದೆ. ಸಂಶೋಧನೆ ಕಡೆ ಮನಸ್ಸಿದ್ದರೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಪಡೆಯಬಹುದು. 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಓದುವುದಕ್ಕೇ ಇಷ್ಟು ಕೊಡುತ್ತಾರೆ ಅಂತ ಹಳ್ಳಿಯಲ್ಲಿ ಹೇಳಿದರೆ ನಂಬುವುದಿಲ್ಲ. ಮೈಸೂರಿನಲ್ಲೇ ಸಿಎಫ್‌ಟಿಆರ್‌ಐ, ಡಿಎಫ್‌ಆರ್‌ಎಲ್ ಎಂಬ ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆಗಳಿವೆ. ಅಂಥ ಕಡೆ ಪ್ರಾಜೆಕ್ಟ್ ಕೆಲಸಕ್ಕೆ ಆಗಾಗ ಎಂಎಸ್‌ಸಿ ಮಾಡಿದವರನ್ನು ಕರೆಯುತ್ತಾರೆ. ಖಾಯಂ ಕೆಲಸ ಅಲ್ಲ. ಆದರೆ ಆ ಲ್ಯಾಬಿನಲ್ಲಿ ಎರಡು ವರ್ಷ ಕಳೆದವರಿಗೆ ಆಹಾರ ಕಂಪನಿಗಳಲ್ಲಿ ಬಾಗಿಲು ಬೇಗ ತೆರೆಯುತ್ತದೆ.

ಬಿಇಡಿ ಬಗ್ಗೆ ಚಿಕ್ಕದಾಗಿ. ಎರಡು ವರ್ಷದ ಕೋರ್ಸ್. ಸರ್ಕಾರಿ ಹೈಸ್ಕೂಲ್ ಶಿಕ್ಷಕರ ಹಳೆಯ ಶ್ರೇಣಿ 33,450 ರಿಂದ ಶುರುವಾಗುತ್ತಿತ್ತು, ಈಗ ಮೇಲೆ ಹೇಳಿದ ಏರಿಕೆ ಸೇರಿಸಿಕೊಳ್ಳಿ. ಗಣಿತ, ಫಿಸಿಕ್ಸ್ ಹೇಳಿಕೊಡುವವರಿಗೆ ಒಳ್ಳೆಯ ಖಾಸಗಿ ಶಾಲೆಗಳಲ್ಲೂ ಬೇಡಿಕೆ ಇದೆ. ಬಯಾಲಜಿಯವರಿಗೆ ಅಷ್ಟಿಲ್ಲ. ಕಂಪ್ಯೂಟರಿನ ಸ್ನಾತಕೋತ್ತರ ಪದವಿ ಎಂಸಿಎಯೂ ಈಗ ಎರಡೇ ವರ್ಷ. ಡಿಗ್ರಿಯಲ್ಲಿ ಗಣಿತ ಓದಿದವರು ಪಿಜಿಸಿಇಟಿ ಎಂಬ ರಾಜ್ಯದ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಐಟಿಯೇ ಬೇಕು ಅನ್ನುವವರಿಗೆ ಮೈಸೂರಿನಲ್ಲಿ ಬಿಎಸ್‌ಸಿ, ಆಮೇಲೆ ಸರ್ಕಾರಿ ಸೀಟಿನಲ್ಲಿ ಎಂಸಿಎ ಎಂಬ ಐದು ವರ್ಷದ ದಾರಿಯನ್ನು ನಾನು ಆ ಒಂಬತ್ತು ಲಕ್ಷದ ಬಿಸಿಎಗಿಂತ ಎಂದೂ ಮೇಲಿಡುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಓದಿದರೆ ಇಂಗ್ಲಿಷ್ ಬರುತ್ತದೆ, ಧೈರ್ಯ ಬರುತ್ತದೆ ಅನ್ನುತ್ತಾರೆ. ಆ ಮಾತಿನಲ್ಲಿ ಸತ್ಯ ಇದೆ. ಇಂಟರ್‌ವ್ಯೂನಲ್ಲಿ ನಮ್ಮ ಮಕ್ಕಳು ಬೀಳುವುದು ವಿಷಯದಲ್ಲಲ್ಲ, 'ನಿಮ್ಮ ಬಗ್ಗೆ ಹೇಳಿ' ಅಂದಾಗ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡುವುದರಲ್ಲಿ. ಆದರೆ ಆ ಎರಡು ನಿಮಿಷಕ್ಕೆ ಒಂಬತ್ತು ಲಕ್ಷ ಜಾಸ್ತಿಯಾಯಿತು. ಕಾಲೇಜಿನ ಸೆಮಿನಾರಿನಲ್ಲಿ ಎದ್ದು ನಿಲ್ಲುವ ಅಭ್ಯಾಸ, ಒಂದು ಒಳ್ಳೆಯ ಸ್ಪೋಕನ್ ಇಂಗ್ಲಿಷ್ ತರಗತಿ, ಮನೆಯಲ್ಲಿ ತಪ್ಪು ಮಾತಾಡಿದರೆ ನಗದಿರುವ ತಮ್ಮ, ಇಷ್ಟು ಸಾಕು.

ಯುವರಾಜ ಕಾಲೇಜಿಗೆ ಹೋದಾಗ ಆಫೀಸಿನಲ್ಲಿ ಪ್ಲೇಸ್‌ಮೆಂಟ್ ಕೇಳಿ, ಪರವಾಗಿಲ್ಲ. ಅದಕ್ಕಿಂತ ಮುಖ್ಯವಾಗಿ ನಿಮ್ಮ ಮಗಳು ಸೇರಬೇಕೆಂದಿರುವ ವಿಭಾಗದಲ್ಲಿ ಮೂರನೇ ವರ್ಷದ ನಾಲ್ಕು ಮಕ್ಕಳನ್ನು ಹಿಡಿದು ಮಾತಾಡಿಸಿ. ಹೋದ ವರ್ಷ ಮುಗಿಸಿದ ಅಕ್ಕಂದಿರು ಈಗ ಎಲ್ಲಿದ್ದಾರೆ ಅಂತ ಕೇಳಿ. ಮಕ್ಕಳಿಗೆ ಸೀನಿಯರ್‌ಗಳ ಪೂರ್ತಿ ಜಾತಕ ಗೊತ್ತಿರುತ್ತದೆ, ವಾಟ್ಸಾಪ್ ಗುಂಪೇ ಇರುತ್ತದೆ. ಲ್ಯಾಬಿನಲ್ಲಿ ಎಷ್ಟು ಜನಕ್ಕೆ ಒಂದು ಉಪಕರಣ, ಖಾಯಂ ಮೇಷ್ಟ್ರು ಎಷ್ಟು, ರಿಸಲ್ಟ್ ಮತ್ತು ಅಂಕಪಟ್ಟಿ ಸಮಯಕ್ಕೆ ಬರುತ್ತದಾ ಅಂತಲೂ ಕೇಳಿ. ಕೊನೆಯದ್ದು ಸಣ್ಣ ವಿಷಯ ಅನ್ನಿಸಬಹುದು. ಅಂಕಪಟ್ಟಿ ತಡವಾದ್ದರಿಂದ, ಸಿಕ್ಕ ಕೆಲಸ ಕೈತಪ್ಪಿದ ಮಕ್ಕಳ ಮುಖ ನನಗೆ ಇನ್ನೂ ನೆನಪಿದೆ.

ಕೊನೆಗೆ, ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲವೇ ಇಲ್ಲ. ಅವಳ ಪರ್ಸೆಂಟ್ ಇದೆ, ಸಿಇಟಿ ಇದೆ, ನೆಂಟರಿದ್ದಾರೆ. ಅವಳಿಗೆ ಯಾವ ಪಾಠ ಇಷ್ಟ ಅಂತ ಇಲ್ಲ. ಗಣಿತ ಅಂದರೆ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಇರುವ ಬಿಎಸ್‌ಸಿಗೆ ಹಾಕಿ, ಬ್ಯಾಂಕು, ಎಂಸಿಎ, ಬಿಇಡಿ ಮೂರೂ ಕೈಗೆಟಕುತ್ತವೆ. ಕೆಮಿಸ್ಟ್ರಿ ಅಂದರೆ ನಂಜನಗೂಡು ಹತ್ತಿರವೇ ಇದೆ, ಎಂಎಸ್‌ಸಿ ಮಾಡುವ ಮನಸ್ಸು ಇರಬೇಕು ಅಷ್ಟೇ. ಬಯಾಲಜಿ ಅಂದರೆ ಮೊದಲು ಆಯಿಶ್ ವಿಚಾರಿಸಿ, ಆಮೇಲೆ ಬಿಎಸ್‌ಸಿ. ಅವಳನ್ನು ಕೇಳಿ ಇನ್ನೊಂದು ಪತ್ರ ಹಾಕಿ. ಸಾಧ್ಯವಾದರೆ ಅವಳೇ ಬರೆಯಲಿ.